ಮೊಸರನ್ನ ಬಿಡುವುದು ನಿಜಕ್ಕೂ ಕಷ್ಟ, ವಿಟಮಿನ್ ಬಿ12 ಮಾತ್ರ ಮರೆಯಬೇಡಿ

ಹಾಲು, ಮೊಸರು ಬಿಟ್ಟು ಎರಡು ತಿಂಗಳಾಯಿತು, ಸೊಪ್ಪು, ಕಾಳು ಚೆನ್ನಾಗಿ ತಿಂದರೂ ಊಟ ಮುಗಿದ ಹಾಗೇ ಅನಿಸುವುದಿಲ್ಲ, ಅತ್ತೆ ಬೇರೆ ಬೇಜಾರಾಗಿದ್ದಾರೆ ಅಂತ ಕೇಳಿದ್ದೀರಿ. ನಾನು ಬಿಟ್ಟು ಐದು ವರ್ಷ. ಕೊನೆಗೆ ಒಂದು ತುತ್ತು ಮೊಸರನ್ನ ಇಲ್ಲದೆ ತಟ್ಟೆ ಮುಂದಿನಿಂದ ಏಳಲು ನನಗೂ ಮನಸ್ಸಾಗುತ್ತಿರಲಿಲ್ಲ.

ಕಡಲೆಕಾಯಿ ಬೀಜ ರಾತ್ರಿ ನೆನೆಸಿ, ರುಬ್ಬಿ, ಸೋಸಿ, ಆ ಹಾಲನ್ನು ತಳ ಹಿಡಿಯದ ಹಾಗೆ ಕೈಯಾಡಿಸುತ್ತಾ ಕಾಯಿಸಿ, ಉಗುರುಬೆಚ್ಚಗಾದಾಗ ನಾಲ್ಕೈದು ಹಸಿಮೆಣಸಿನಕಾಯಿ ತೊಟ್ಟಿನ ಸಮೇತ ಹಾಕಿ ಮುಚ್ಚಿಡಿ. ಮೊದಲ ಸಲ ನನಗೆ ನೀರುನೀರಾಗಿತ್ತು. ಅದನ್ನೇ ಹೆಪ್ಪಿಗೆ ಎತ್ತಿಟ್ಟು ಮತ್ತೆ ಮಾಡಿದೆ, ಗಟ್ಟಿಯಾಯಿತು. ಹಸುವಿನ ಮೊಸರಿನ ರುಚಿ ಬರುತ್ತೆ ಅಂತ ಸುಳ್ಳು ಹೇಳಲ್ಲ, ಕಡಲೆಕಾಯಿ ವಾಸನೆ ಇದ್ದೇ ಇರುತ್ತೆ. ಸಾಸಿವೆ, ಶುಂಠಿ, ಕರಿಬೇವಿನ ಒಗ್ಗರಣೆ ಬಿದ್ದರೆ ಅನ್ನಕ್ಕೆ ಚೆನ್ನಾಗಿ ಹೊಂದುತ್ತದೆ.

ನನಗೆ ಜಾಸ್ತಿ ಚಿಂತೆಯಾಗಿದ್ದು ನೀವು ಬಿ12 ಬಗ್ಗೆ, ಅಂದರೆ ಹಾಲು, ಮೊಸರಿನಿಂದ ಸಿಗುತ್ತಿದ್ದ, ನರಗಳಿಗೆ ಮತ್ತು ರಕ್ತಕ್ಕೆ ಬೇಕಾದ ವಿಟಮಿನ್ ಬಗ್ಗೆ, ಏನೂ ಬರೆಯದೇ ಇರುವುದು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, 100 ಗ್ರಾಂಗೆ 300 ಮಿಲಿಗ್ರಾಂಗಿಂತ ಜಾಸ್ತಿ. ಆದರೆ ರಾಗಿ, ಸೊಪ್ಪು, ಕಾಳು ಎಷ್ಟು ತಿಂದರೂ ಬಿ12 ಸಿಗುವುದಿಲ್ಲ. ಲಿವರ್‌ನಲ್ಲಿ ಸ್ವಲ್ಪ ಕೂಡಿಟ್ಟಿರುವುದರಿಂದ ಕೊರತೆ ತಕ್ಷಣ ಗೊತ್ತಾಗಲ್ಲ. ನಾನು ಎರಡು ವರ್ಷ ಮಾತ್ರೆ ತೆಗೆದುಕೊಳ್ಳದೆ ಸುಮ್ನೆ ಇದ್ದೆ, ಪಾದ ಜೋಮು ಹಿಡಿಯಲು ಶುರುವಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದೆ. ನೀವು ಅಷ್ಟು ಕಾಯಬೇಡಿ, ಈ ವಾರವೇ ಡಾಕ್ಟರನ್ನು ಕೇಳಿ ಮಾತ್ರೆ ಶುರು ಮಾಡಿ.

ಅತ್ತೆಯ ಜೊತೆ ವಾದ ಬೇಡ. ಉಪ್ಪಿಟ್ಟಿಗೆ ತುಪ್ಪ ಹಾಕುವ ಮೊದಲು ನಿಮ್ಮ ಪಾಲು ತೆಗೆದಿಡಲು ಕೇಳಿಕೊಳ್ಳಿ. ಹಬ್ಬಕ್ಕೆ ಗಸಗಸೆ ಪಾಯಸ ನೀವೇ ಮಾಡಿ ಬಡಿಸಿ, ಅದಕ್ಕೆ ಕಾಯಿ, ಬೆಲ್ಲ ಸಾಕು ಅಲ್ವಾ.