ಬೇಸಿಗೆ ರಜೆಯಲ್ಲಿ ಹೋದರೆ ಜೋಗದಲ್ಲಿ ನೀರೇ ಇರುವುದಿಲ್ಲ, ಯಾಕೆ? ಯಾವಾಗ ಹೋಗಬೇಕು?

ಆಗಸ್ಟ್‌ನಿಂದ ಅಕ್ಟೋಬರ್ ಶುರುವಿನ ಒಳಗೆ ಹೋಗಿ. ಬೇಸಿಗೆಯಲ್ಲಿ ಶರಾವತಿಯ ನೀರನ್ನು ಜೋಗಕ್ಕಿಂತ ಮೇಲೆಯೇ ತಡೆದಿಟ್ಟಿರುತ್ತಾರೆ.

ಜೋಗದಿಂದ ಸುಮಾರು 6 ಕಿ.ಮೀ. ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇದೆ, 1964ರದ್ದು. ಮಳೆಗಾಲದ ನೀರು ಹಿಡಿದಿಟ್ಟು ವರ್ಷವಿಡೀ ಕರೆಂಟ್ ತೆಗೆಯುವುದಕ್ಕೇ ಅದನ್ನು ಕಟ್ಟಿದ್ದು. ಆ ನೀರು ಕಾಲುವೆ, ಪೈಪುಗಳಲ್ಲಿ ವಿದ್ಯುದಾಗಾರಕ್ಕೆ ಹೋಗುತ್ತದೆ, ಬಂಡೆಯ ಮೇಲಿಂದ ಧುಮುಕುವುದಿಲ್ಲ. ಡ್ಯಾಮ್ ತುಂಬಿ ಗೇಟ್ ತೆಗೆದಾಗಲೇ ಆ ಹಳೆಯ ಅಬ್ಬರ. ಡ್ಯಾಮಿನ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಹೊರಡುವ ಮುಂಚೆ ಪೇಪರಿನಲ್ಲಿ ಇವತ್ತಿನ ಮಟ್ಟ ನೋಡಿಕೊಳ್ಳಿ. ಗೇಟ್ ತೆಗೆಯದಿದ್ದರೂ ಬೇಜಾರಿಲ್ಲ. ಅಣೆಕಟ್ಟಿನ ಕೆಳಗೆ ಬೀಳುವ ಮಳೆಗೇ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು ಕಾಣಿಸುತ್ತವೆ.

ಜುಲೈನಲ್ಲೂ ನೀರಿರುತ್ತದೆ, ಆದರೆ ಮಂಜು ಕವಿದರೆ ಎದುರಿನ ಬಂಡೆಯೂ ಕಾಣದು. ಸುಮ್ನೆ ವಾಪಸ್ ಹೊರಟುಬಿಡಬೇಡಿ, ಗಾಳಿ ಬೀಸಿದರೆ ಸ್ವಲ್ಪ ಹೊತ್ತಿಗೇ ಸರಿಯಬಹುದು. ಹಾಗಾಗಿ ಅರ್ಧ ದಿನವಾದರೂ ಇಟ್ಟುಕೊಳ್ಳಿ. ಆ ಗಾಳಿಗೆ ಛತ್ರಿ ನಿಲ್ಲುವುದಿಲ್ಲ, ರೇನ್‌ಕೋಟ್ ಒಯ್ಯಿರಿ.

ಶಿವಮೊಗ್ಗದಿಂದ ಸಾಗರದ ಮೇಲೆ ಸುಮಾರು 100 ಕಿ.ಮೀ. ರೈಲು ತಾಳಗುಪ್ಪದವರೆಗೆ ಮಾತ್ರ, ಅಲ್ಲಿಂದ ಬಸ್ಸು ಅಥವಾ ಆಟೋ.