ಪ್ರ: ವೆರಾಪಮಿಲ್ (ಹೃದಯದ ಒಂದು ಔಷಧಿ) ಹಾಕಿದ್ರೆ ಹೃದಯದ ಕಂಪ್ಯೂಟರ್ ಮಾಡೆಲ್‌ನಲ್ಲಿ ಕ್ಯೂಟಿ (ಇಸಿಜಿಯಲ್ಲಿ ಕ್ಯೂ ಅಲೆ ಶುರುವಿನಿಂದ ಟಿ ಅಲೆ ಮುಗಿಯೋವರೆಗಿನ ಸಮಯ) ಯಾಕೆ ಉದ್ದ ಆಗ್ತಿದೆ?

ನೀವು ಬರೀ ಹರ್ಗ್ ಪೊಟ್ಯಾಷಿಯಂ ಚಾನೆಲ್ (ಸೆಲ್‌ನಿಂದ ಪೊಟ್ಯಾಷಿಯಂ ಹೊರಗೆ ಹೋಗೋ ದಾರಿ) ಬ್ಲಾಕ್ ಮಾತ್ರ ಹಾಕಿದೀರ ಅನ್ಸುತ್ತೆ ಸರ್. ಈ ಔಷಧಿ ಎಲ್-ಟೈಪ್ ಕ್ಯಾಲ್ಸಿಯಂ ಚಾನೆಲ್ಲನ್ನೂ ತಡೆಯುತ್ತೆ, ಅಂದ್ರೆ ಪೊಟ್ಯಾಷಿಯಂ ಹೊರಗೆ ಹೋಗೋದು ಕಮ್ಮಿಯಾಗಿ ಕ್ಯೂಟಿ ಎಳೀತಾ ಇರುವಾಗ್ಲೇ ಕ್ಯಾಲ್ಸಿಯಂ ಒಳಗೆ ಬರೋದೂ ಕಮ್ಮಿಯಾಗಿ ಅದನ್ನ ವಾಪಸ್ ಚಿಕ್ಕದು ಮಾಡುತ್ತೆ, ಹೆಚ್ಚುಕಮ್ಮಿ ಸಮ ಆಗೋಗುತ್ತೆ. ಹರ್ಗ್ ಒಂದನ್ನೇ ತಡೆಯೋ ಡೊಫೆಟಿಲೈಡ್ ಅನ್ನೋ ಔಷಧಿ ಹಾಕಿ ನೋಡಿ, ಅದಕ್ಕೆ ಎದುರು ಎಳೆಯೋರು ಯಾರೂ ಇಲ್ಲ, ಕ್ಯೂಟಿ ಚೆನ್ನಾಗೇ ಉದ್ದ ಆಗುತ್ತೆ.

ಇನ್ನೊಂದು, ಡೋಸ್ ಕೊಡುವಾಗ ರಕ್ತದಲ್ಲಿರೋ ಒಟ್ಟು ಪ್ರಮಾಣ ಹಾಕ್ಬೇಡಿ, ವೆರಾಪಮಿಲ್ ಸುಮಾರು 90% ಪ್ರೋಟೀನಿಗೆ ಅಂಟ್ಕೊಂಡಿರುತ್ತೆ, ಬಿಡಿಯಾಗಿರೋ ಭಾಗ ಮಾತ್ರ ಲೆಕ್ಕ (ನಾನೂ ಇದ್ರಲ್ಲೇ ಒಂದು ವಾರ ತಲೆ ಕೆಡಿಸ್ಕೊಂಡಿದ್ದೆ). 2011ರ ಓಹಾರಾ-ರೂಡಿ ಮಾಡೆಲ್ (ಮನುಷ್ಯನ ಹೃದಯದ ಸೆಲ್‌ನ ಕಂಪ್ಯೂಟರ್ ಮಾಡೆಲ್) ಒಂದೇ ಸೆಲ್‌ದು, ಅದರಿಂದ ಇಸಿಜಿ ಬರಲ್ಲ, ಟಿ ಅಲೆ ಬೇಕಂದ್ರೆ ಹೃದಯದ ಗೋಡೆಯ ಒಳಪದರದಿಂದ ಹೊರಪದರದವರೆಗೆ ಸೆಲ್‌ಗಳನ್ನ ಸಾಲಾಗಿ ಜೋಡಿಸ್ಲೇಬೇಕು.