ಇಂಜೆಕ್ಷನ್ ಇಲ್ಲದ ಬುಧವಾರ

ಪತ್ರ: ಪುಳ್ಳಿಗೆ (ಮೊಮ್ಮಗನಿಗೆ) 7 ತಿಂಗಳು. ಗುಂಡುಗುಂಡಾಗಿದ್ದಾನೆ, ಜ್ವರವಿಲ್ಲ, ಶೀತವಿಲ್ಲ. 14ನೇ ವಾರದ ಇಂಜೆಕ್ಷನ್ ಆಗಿದೆ, ಇನ್ನು 9 ತಿಂಗಳಿಗೆ. ಸೊಸೆ ಮಾತ್ರ ನಡುವೆ ಒಮ್ಮೆ ತೋರಿಸಿ ಬರುತ್ತೇನೆ ಅನ್ನುತ್ತಾಳೆ. ಹುಷಾರಾಗಿರುವ ಮಗುವಿಗೆ ಆಸ್ಪತ್ರೆ ಯಾಕೆ? ನಾವೆಲ್ಲ ಹೀಗೇ ಬೆಳೆದವರಲ್ವಾ?
– ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು

ಉತ್ತರ: ಅಕ್ಕಾ, ಬಸ್ಸು ಕಾಯಬೇಕು, ಸಾಲಿನಲ್ಲಿ ಕೂರಬೇಕು, ಪಕ್ಕದಲ್ಲಿ ಕೆಮ್ಮುವವರು ಬೇರೆ. ಒಪ್ಪಿದೆ. ಆದರೆ ನಾನು ನಿಮ್ಮ ಸೊಸೆಯ ಪಕ್ಷ, ಮೊದಲೇ ಹೇಳಿಬಿಡುತ್ತೇನೆ.

ಹೀಗೇ ಬೆಳೆದೆವು ಅಂತೀರಿ. ಬೆಳೆದವರು ಮಾತ್ರ ಹಾಗೆ ಹೇಳಲು ಉಳಿದಿದ್ದೇವೆ. ನನ್ನ ಅಜ್ಜಿ ಹೆತ್ತದ್ದು ಒಂಬತ್ತು, ಮದುವೆ ಮಾಡಿಸಿದ್ದು ಐವರಿಗೆ. ಉಳಿದವರ ಬಗ್ಗೆ ಕೇಳಿದರೆ "ಸೊರಗಿ ಹೋದವು" ಅನ್ನುತ್ತಿದ್ದರು, ಅಷ್ಟೇ.

ಈ ಸೊರಗುವಿಕೆ ಶುರುವಾಗುವುದು ಯಾವಾಗ ಗೊತ್ತಾ? ಹೆಚ್ಚಾಗಿ 6 ತಿಂಗಳು ದಾಟಿದ ಮೇಲೆ, ಎದೆಹಾಲು ಒಂದೇ ಸಾಲದೆ ಊಟ ಶುರುವಾಗುವ ಹೊತ್ತಿಗೆ. ಸರಿಯಾಗಿ ಅದೇ ಹೊತ್ತಲ್ಲಿ ಸರ್ಕಾರದ ಪಟ್ಟಿಯಲ್ಲಿ ಇಂಜೆಕ್ಷನ್ ಇಲ್ಲ. ಮೂರೂವರೆ ತಿಂಗಳಿಗೆ ಒಂದು, ಆಮೇಲೆ 9ಕ್ಕೆ, ಮತ್ತೆ 16 ತಿಂಗಳವರೆಗೆ ಖಾಲಿ. ಸೂಜಿ ಇಲ್ಲದಿದ್ದರೆ ನಾವು ಹೋಗುವುದೂ ಇಲ್ಲ. ಇದು ಗೊತ್ತಿದ್ದೇ 2018ರಲ್ಲಿ ಆಶಾ ಕಾರ್ಯಕರ್ತೆಯರು 3, 6, 9, 12, 15ನೇ ತಿಂಗಳಲ್ಲಿ ಮನೆಗೇ ಬರುವ ಏರ್ಪಾಡಾಯಿತು. ಬಂದವರಿಗೆ ಚಾ ಕೊಟ್ಟು ಕಳಿಸುತ್ತೇವೆಯೇ ಹೊರತು ಮಗುವನ್ನು ತೂಗಲು ಬಿಡುವವರು ಕಡಿಮೆ.

ನನ್ನ ಮಗಳ ಜೊತೆ ಒಮ್ಮೆ ಹೋಗಿದ್ದೆ. ಸಿಸ್ಟರ್ ಮಗುವಿನ ಬಟ್ಟೆಯನ್ನೆಲ್ಲ ತೆಗೆಸಿ ತೂಗಿದರು, ಉಡಿದಾರ ಬಿಟ್ಟು. ಹಲಗೆ ಮೇಲೆ ಮಲಗಿಸಿ, ಮೊಣಕಾಲು ಒತ್ತಿ ಹಿಡಿದು ಉದ್ದ ನೋಡಿದರು. ಹುಬ್ಬಿನ ಮೇಲಿಂದ ಟೇಪು ಸುತ್ತಿದರೆ ಮಗು ಕೊಸರಿತು, ಬಿಚ್ಚಿ ಮತ್ತೆ ಸುತ್ತಿದರು. ಆಮೇಲೆ ಮಗುವಿನ ಬೆಳವಣಿಗೆ ಗುರುತಿಸುವ ಕಾರ್ಡಿನ ಗೆರೆಯ ಮೇಲೊಂದು ಚುಕ್ಕೆ. ಒಂದು ಚುಕ್ಕೆಯಿಂದ ಏನೂ ಗೊತ್ತಾಗುವುದಿಲ್ಲ, ಹಿಂದಿನದಕ್ಕೆ ಜೋಡಿಸಿದರೆ ಗೆರೆ ಏರುತ್ತಿದೆಯಾ ಮಲಗಿದೆಯಾ ಅಂತ ಗೊತ್ತಾಗುತ್ತದೆ. ಹುಟ್ಟಿದಾಗಿನ ತೂಕ 5 ತಿಂಗಳ ಹೊತ್ತಿಗೆ ಎರಡು ಪಟ್ಟು, ವರ್ಷ ತುಂಬುವಾಗ ಮೂರು ಪಟ್ಟು ಆಗುವುದು ರೂಢಿ. ಗುಂಡುಗುಂಡಾಗಿರುವುದು ನಮ್ಮ ಕಣ್ಣಿಗೆ, ಅಕ್ಕಾ. ದಿನಾ ನೋಡುವ ಕಣ್ಣಿಗೆ ಇಳಿದದ್ದು ಕಾಣುವುದಿಲ್ಲ.

ಆಮೇಲೆ ಸಿಸ್ಟರ್ ಪ್ರಶ್ನೆಗಳು. ಮಗುಚುತ್ತದಾ, ಬೆನ್ನಿಗೆ ಆಸರೆ ಕೊಟ್ಟರೆ ಕೂರುತ್ತದಾ, ಹಿಂದಿನಿಂದ ಕರೆದರೆ ತಿರುಗುತ್ತದಾ. ವಾರಕ್ಕೆ ಎರಡು ಸಲ ಕಬ್ಬಿಣಾಂಶದ ಸಿರಪ್ ಕೊಡುತ್ತೀರಾ. ಏನು ತಿನ್ನಿಸುತ್ತೀರಿ ಅಂದಾಗ ಮಗಳು ರಾಗಿ ಮಣ್ಣಿ ಅಂದಳು. "ಚಮಚ ಓರೆ ಮಾಡಿದರೆ ಸುರಿಯುತ್ತದಾ, ನಿಲ್ಲುತ್ತದಾ?" ಸುರಿಯುತ್ತಿತ್ತು. ಗಂಟಲಿಗೆ ಸಿಕ್ಕೀತು ಅಂತ ಇವರು ನೀರೇ ಕುಡಿಸುತ್ತಿದ್ದರು! ದಪ್ಪ ಮಾಡಿ, ಒಂದು ಚಮಚ ತುಪ್ಪ ಹಾಕಿ ಅಂದರು ಸಿಸ್ಟರ್. ಅದಕ್ಕೂ ಮೊದಲು ಗಡಿಯಾಚೆ ಒಬ್ಬ ದೊಡ್ಡ ಡಾಕ್ಟರಿಗೆ ಫೀಸು ಕೊಟ್ಟು ತೋರಿಸಿದ್ದೆವು. ಅವರು ತಲೆ ಎತ್ತದೆ ಟಾನಿಕ್ ಬರೆದರು, ಮಣ್ಣಿಯ ಸುದ್ದಿ ಕೇಳಲಿಲ್ಲ. ನಮ್ಮ ಜನರಿಗೋ ಟಾನಿಕ್ ಬರೆದವರೇ ಡಾಕ್ಟರು.

ಇನ್ನು ಆ ಕಾರ್ಡು. ಮಗಳ ಕೈಯಲ್ಲಿದ್ದದ್ದು ಪೂರ್ತಿ ಮಲಯಾಳದಲ್ಲಿತ್ತು. ಕನ್ನಡ ಶಾಲೆಯಲ್ಲಿ ಓದಿದ ತಾಯಿ ತನ್ನದೇ ಮಗುವಿನ ಗೆರೆಯ ಕೆಳಗೆ ಬರೆದದ್ದನ್ನು ಓದಲು ಇನ್ನೊಬ್ಬರನ್ನು ಕೇಳಬೇಕು, ಅವಳು ನಾಲ್ಕು ಪ್ರಶ್ನೆ ಎಲ್ಲಿಂದ ಕೇಳಿಯಾಳು? ಕೇರಳ ಸರ್ಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ನಾವು ಅದನ್ನು ಸಭೆಗಳಲ್ಲಿ ಭಾಷಣಕ್ಕೆ ಬಳಸುತ್ತೇವೆ, ಅರ್ಜಿಗೆ ಬಳಸುವುದಿಲ್ಲ.

ಬುಧವಾರ ಅಂದರೆ ಇಲ್ಲಿ ಮಕ್ಕಳ ಇಂಜೆಕ್ಷನ್ ದಿನ; ಸೂಜಿ ಇಲ್ಲದಿದ್ದರೂ ಈ ಬುಧವಾರ ನೀವೂ ಸೊಸೆಯ ಜೊತೆ ಹೋಗಿ ಬನ್ನಿ. ಕಾರ್ಡು ನೋಡಿ, ಕನ್ನಡದ್ದು ಬೇಕು ಅಂತ ಜಿಲ್ಲಾ ವೈದ್ಯಾಧಿಕಾರಿಗೆ ಕನ್ನಡದಲ್ಲೇ ಒಂದು ಅರ್ಜಿ ಹಾಕಿ. ನನಗೆ ಇಷ್ಟು ಚೆಂದದ ಕಾಗದ ಬರೆದವರಿಗೆ ಅದೇನು ಕಷ್ಟ? ಉತ್ತರ ಮಲಯಾಳದಲ್ಲಿ ಬಂದರೆ ಅದನ್ನೂ ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇನೆ.
– ಸಂ.